ಮಡಿಲಲ್ಲಿಟ್ಟ ಕೈ

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸ್ವಿಚ್ಚಮ್ಮ ಎನ್ನುತ್ತಿದ್ದರು. ದೀಪದ ಸ್ವಿಚ್ಚಲ್ಲ, ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚು. ಒಂದು ಚಪ್ಪಟೆ ಪೆಟ್ಟಿಗೆ, ಅದರ ಮುಂದೆ ಸಾಲಾಗಿ ತಂತಿ ಸಿಕ್ಕಿಸುವ ತೂತುಗಳು, ಅಂದರೆ ಪೋರ್ಟುಗಳು, ಪೋರ್ಟಿಗೊಂದು ಮಿಣುಕುವ ಹಸಿರು ದೀಪ. ಮಾತಿರಲಿ, ಪಟವಿರಲಿ, ಎಲ್ಲವೂ ಪ್ಯಾಕೆಟ್ಟು ಎಂಬ ಚೂರುಗಳಾಗಿ ಅದರ ಮೂಲಕವೇ ಹಾದುಹೋಗಬೇಕು. ಯಾವುದಾದರೂ ಪೋರ್ಟು ಪ್ಯಾಕೆಟ್ಟುಗಳನ್ನು ದಾರಿಯಲ್ಲೇ ಬೀಳಿಸತೊಡಗಿದರೆ ಸ್ವಿಚ್ಚಮ್ಮನಿಗೆ ಕರೆ ಹೋಗುತ್ತಿತ್ತು. ನೆಟ್ ಚೆನ್ನಾಗಿದ್ದಾಗ ಅವಳನ್ನು ನೆನೆಯುವವರಿಲ್ಲ, ಕೆಟ್ಟಾಗ ಬೈಯದವರಿಲ್ಲ. ಹೀಗಾಗಿ ದಿನಕ್ಕೆ ಅವಳ ಕಿವಿಗೆ ಬೀಳುವ ಮಾತಿನಲ್ಲಿ ಮುಕ್ಕಾಲು ಪಾಲು ಬೈಗುಳವೇ ಇರುತ್ತಿತ್ತು.

ಮನಸ್ಸು ಬಿಚ್ಚಿ ಮಾತಾಡಲು ಅವಳಿಗಿದ್ದವಳು ಅಕ್ಕ ಒಬ್ಬಳೇ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳು, ಬಟ್ಟೆ ಅಂಗಡಿಗೆ ಗುಂಡಿ ಹೊಲಿದುಕೊಟ್ಟು ಓದಿಸಿದವಳು ಅವಳು. ಶಾಲೆಯಲ್ಲಿ ಕಲಿಸುವ ಸನ್ನೆಭಾಷೆ ಅಕ್ಕನಿಗೆ ಬಾರದು. ಇಬ್ಬರೂ ಸೇರಿ ಮನೆಯಲ್ಲೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಗಲ್ಲದ ಮೇಲೆ ಎರಡು ಬೆರಳು ತಟ್ಟಿದರೆ ತಂಗಿ, ಅಲ್ಲೊಂದು ಮಚ್ಚೆಯಿದೆ. ಕಿವಿಯ ಹಾಲೆ ಎಳೆದರೆ ಪಕ್ಕದ ಮನೆಯವಳು, ಅವಳ ಕಿವಿ ಸದಾ ಇವರ ಗೋಡೆಗೇ ಅಂಟಿಕೊಂಡಿರುತ್ತಿತ್ತು. ಆ ಭಾಷೆ ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಸುಮ್ಮನಾದರೆ ಇನ್ನೊಬ್ಬಳೂ ಮೂಕಿಯಾದಂತೆ.

ಈಗ ಅಕ್ಕ ಸುಮ್ಮನಾಗಿದ್ದಳು.

ಮಂಡಿ ಸೋತು ಒಬ್ಬಳೇ ಇರಲಾಗದೆ ಅಕ್ಕ ವಯಸ್ಸಾದವರ ಆಶ್ರಯಮನೆ ಸೇರಿ ವರ್ಷದ ಮೇಲಾಗಿತ್ತು. ಅದು ರೈಲಿನಲ್ಲಿ ಒಂದು ಹಗಲಿನ ದೂರ. ಅಕ್ಕನ ಕೋಣೆಗೆ ಕ್ಯಾಮೆರಾ ಇರುವ ಕಂಪ್ಯೂಟರು ತಂದಿಟ್ಟು, ಆ ಮನೆಯ ಸ್ವಿಚ್ಚಿನಿಂದ ತಂತಿ ಎಳೆದವಳು ತಂಗಿಯೇ. ಭಾನುವಾರ ಬಂತೆಂದರೆ ಇಬ್ಬರೂ ಪರದೆಯ ಎದುರು ಕೂತು ಕೈ ಸೋಲುವವರೆಗೂ ಹರಟುತ್ತಿದ್ದರು. ಒಬ್ಬಳು ಮುಗಿಸಲಿ ಎಂದು ಇನ್ನೊಬ್ಬಳು ಕಾಯುವ ಪದ್ಧತಿ ಆ ಮನೆತನದಲ್ಲೇ ಇರಲಿಲ್ಲ.

ಕೆಲವು ತಿಂಗಳ ಹಿಂದೆ ಪಟ ಆಗಾಗ ತಡವರಿಸತೊಡಗಿತು. ತಂಗಿ ರಜೆ ಹಾಕಿ ಹೋಗಿ ನೋಡಿದಳು. ತಂತಿಯ ತುದಿ ಸಡಿಲವಾಗಿತ್ತು, ಹೊಸದು ಹಾಕಿದಳು. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇಲ್ಲ. ಆದರೆ ಪ್ರೀತಿಗೆ ಎಷ್ಟು ಮಾಡಿದರೂ ಸಮಾಧಾನವಿಲ್ಲವಲ್ಲ! ಅಕ್ಕನ ಪೋರ್ಟು ಮಾತ್ರ ಯಾವತ್ತೂ ತಪ್ಪು ಮಾಡಬಾರದು ಎಂದು ಅದರ ವೇಗವನ್ನೂ ನಡತೆಯನ್ನೂ ಸ್ವಿಚ್ಚಿನಲ್ಲಿ ತಾನೇ ಬದಲಾಗದಂತೆ ಬಿಗಿ ಮಾಡಿಟ್ಟಳು. ಆಮೇಲೆ ಮೊದಲ ಭಾನುವಾರ ಒಂದೆರಡು ಸಲ ತಡವರಿಸಿದ್ದು ಬಿಟ್ಟರೆ ಪಟ ನಿಲ್ಲುವುದು ನಿಂತಿತು. ಅದರ ಜೊತೆಗೇ ಅಕ್ಕನ ಮಾತೂ ನಿಂತಿತು.

ವಾರಗಟ್ಟಲೆ ಹೀಗೇ ನಡೆಯಿತು. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುವಳು. ಇವಳೊಬ್ಬಳೇ ಕೈ ಬೀಸಿ ಬೀಸಿ ಕಾರ್ಖಾನೆಯ ಸುದ್ದಿ ಹೇಳುವಳು, ಏನು ಕೋಪ ಎಂದು ಕೇಳುವಳು, ಗೋಗರೆಯುವಳು. ಅಕ್ಕ ಹೆಚ್ಚೆಂದರೆ ತಲೆ ಆಡಿಸುವಳು. ಕರೆ ಮುಗಿದ ಮೇಲೆ ತಂಗಿ ತನ್ನ ಒಂದೇ ಕೋಣೆಯ ಮನೆಯಲ್ಲಿ ಕತ್ತಲಾದರೂ ದೀಪ ಹಾಕದೆ ಕೂತಿರುತ್ತಿದ್ದಳು. ತಾನು ಯಾರಿಗೂ ಬೇಡವಾದೆ ಎನಿಸಿ ಅಳುತ್ತಿದ್ದಳು.

ಒಂದು ದಿನ ಆಶ್ರಯಮನೆಯ ಮೇಟ್ರನ್ ಫೋನ್ ಮಾಡಿದರು.

"ನೋಡಿ, ತಪ್ಪು ತಿಳೀಬೇಡಿ. ಮೊದ್ಲೆಲ್ಲಾ ನಿಮ್ಮಕ್ಕ ಪರದೆ ಮುಂದೆ ಹೇಗೆ ಕೈ ಬೀಸೋರು ಅಂದ್ರೆ, ನಾವು ಬಾಗಿಲಲ್ಲಿ ನಿಂತು ನಗ್ತಿದ್ವಿ. ಈಗ ನಿಮ್ಮ ಹತ್ರಾನೂ ಕಲ್ಲಿನ ಹಾಗೆ ಕೂತಿರ್ತಾರೆ. ಮಂಕು ಕವೀತಿದೆ ಅಂತಾರೆ ಡಾಕ್ಟ್ರು. ತಿಂಗಳ ಕೊನೇಲಿ ಒಳಗಿನ ವಾರ್ಡಿಗೆ ಕಳಿಸ್ಬೇಕಾಗುತ್ತೆ."

"ಅಲ್ಲಿ ಕಂಪ್ಯೂಟರ್ ಇಡಬಹುದಾ, ಮೇಡಂ?"

"ಎಲ್ಲಿ ಬಂತಮ್ಮ! ಅಲ್ಲಿರೋರು ಕೈಗೆ ಸಿಕ್ಕಿದ್ದೆಲ್ಲಾ ಕಿತ್ತು ಹಾಕ್ತಾರೆ. ತಂತಿ ಗಿಂತಿ ಏನೂ ಇಡೋ ಹಾಗಿಲ್ಲ."

ಆ ಭಾನುವಾರ ತಂಗಿ ಕೊನೆಯ ಸಲವೇನೋ ಎಂಬಂತೆ ಮಾತಾಡಿದಳು. ನಡುವೆ ಅಕ್ಕನ ಹೆಗಲಿನಿಂದ ಶಾಲು ಜಾರಿತು. ಅಕ್ಕ ಎರಡೂ ಕೈ ಎತ್ತಿ ಶಾಲನ್ನು ಝಾಡಿಸಿ ಹೊದೆಯಲು ಹೋದಳು, ಅಷ್ಟರಲ್ಲಿ ಪಟ ಚೂರುಚೂರಾಗಿ ನಿಂತುಬಿಟ್ಟಿತು. ಮತ್ತೆ ಬಂದಾಗ ಶಾಲು ನೆಲದ ಮೇಲಿತ್ತು, ಅಕ್ಕನ ಕೈ ಮಡಿಲಲ್ಲಿತ್ತು. ಮಲಗಿದ ಕೂಸು ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡುವವಳಂತೆ ಅಕ್ಕ ಪರದೆಯನ್ನು ನೋಡುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಹಾಳು ನೆಟ್ಟು ಎಂದು ಬೈದು ಸುಮ್ಮನಾಗುತ್ತಿದ್ದರು. ಸ್ವಿಚ್ಚಮ್ಮ ಮಾತ್ರ ಲೆಕ್ಕ ಹಾಕತೊಡಗಿದಳು. ಅಲ್ಲಾಡದ ಪಟಕ್ಕೆ ಪ್ಯಾಕೆಟ್ಟು ಕಡಿಮೆ ಸಾಕು. ಕೈ ಬೀಸಿದರೆ ರಾಶಿ ರಾಶಿ ಬೇಕು. ರಾಶಿ ಬಂದಾಗ ಮಾತ್ರ ಬೀಳುತ್ತಿವೆ ಎಂದರೆ... ಅದೇ ರಾತ್ರಿಯ ರೈಲು ಹತ್ತಿದಳು.

ಮರುದಿನ ಅವಳು ತಲುಪಿದಾಗ ಅಕ್ಕ ಮಧ್ಯಾಹ್ನದ ಊಟ ಮಾಡಿ ಮಲಗಿದ್ದಳು. ಎಬ್ಬಿಸದೆ ನೇರ ಮೆಟ್ಟಿಲ ಕೆಳಗಿನ ಗೂಡಿಗೆ ಹೋದಳು. ಪೊರಕೆ, ಬಕೆಟ್ಟುಗಳ ಮೇಲೆ ಗೋಡೆಗೆ ಸ್ವಿಚ್ಚು ನೇತಾಡುತ್ತಿತ್ತು. ಲ್ಯಾಪ್‌ಟಾಪ್ ಸಿಕ್ಕಿಸಿ ಅಕ್ಕನ ಪೋರ್ಟನ್ನು ನೋಡಿದಳು. ಒಡೆದು ಬಂದ ಪ್ಯಾಕೆಟ್ಟುಗಳ ಲೆಕ್ಕ ಮೈಲುದ್ದ ಬೆಳೆದಿತ್ತು. ಉಳಿದ ಪೋರ್ಟುಗಳೆಲ್ಲ ಸೊನ್ನೆ. ಅಕ್ಕನದಕ್ಕೆ ಮಾತ್ರ ತಾನು ಬಿಗಿದ ಬಿಗಿ ಹಾಗೇ ಇತ್ತು.

ತಂತಿಯ ಎರಡು ತುದಿಗಳು ಸಾಮಾನ್ಯವಾಗಿ ತಾವೇ ಕೇಳಿಕೊಂಡು ಒಪ್ಪಂದಕ್ಕೆ ಬರುತ್ತವೆ: ಇಬ್ಬರೂ ಒಟ್ಟಿಗೆ ಮಾತಾಡೋಣವೋ, ಸರದಿಯ ಮೇಲೋ ಎಂದು. ಒಂದನ್ನು ಕೈಯಾರೆ ಬಿಗಿದರೆ ಅದು ಇನ್ನೊಂದರ ಪ್ರಶ್ನೆಗೆ ಉತ್ತರವನ್ನೇ ಕೊಡುವುದಿಲ್ಲ. ಉತ್ತರ ಸಿಗದ ತುದಿ, ಹೋಗಲಿ, ನಾನು ಸರದಿ ಕಾಯುತ್ತೇನೆ ಎಂದುಕೊಳ್ಳುತ್ತದೆ. ಬಿಗಿದ ತುದಿಯೋ ಯಾರನ್ನೂ ಕಾಯದು. ಸಾಗಾಟ ಕಡಿಮೆಯಿದ್ದರೆ ಏನೂ ತಿಳಿಯದು. ಎರಡೂ ಕಡೆಯಿಂದ ಒಮ್ಮೆಗೇ ಹೊರಟರೆ ಢಿಕ್ಕಿ ಹೊಡೆದು ಬೀಳುತ್ತವೆ. ಅದಕ್ಕೇ ಬಿಗಿಯುವುದಾದರೆ ಎರಡು ತುದಿಗಳನ್ನೂ ಬಿಗಿಯಬೇಕು. ಅವತ್ತು ಅಕ್ಕನ ಕಂಪ್ಯೂಟರಿಗೂ ಹಾಗೇ ಮಾಡಬೇಕೆಂದು ಅವಳು ಮಹಡಿ ಹತ್ತಿದ್ದಳು. ಅಕ್ಕ ಊಟಕ್ಕೆ ಕೈ ಹಿಡಿದೆಳೆದಳು, ಮರೆತೇ ಹೋಯಿತು. ಊರಿಗೆಲ್ಲ ಬುದ್ಧಿ ಹೇಳುವವಳು, ದೀಪದ ಬುಡದಲ್ಲೇ ಕತ್ತಲೆ. ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು ಅತ್ತಳು.

ಬಿಗಿ ಸಡಿಲಿಸಿ ಮೇಲೆ ಹೋದಳು. ಅಕ್ಕ ಎದ್ದು ಕೂತಿದ್ದಳು. ತಂಗಿಯನ್ನು ಕಂಡದ್ದೇ ತಡ, ಮಡಿಲಿನ ಕೈಗಳು ಎದ್ದವು. ಇಳಿದುಹೋಗಿದ್ದೀಯ, ಊಟ ಸರಿಯಾಗಿ ಮಾಡ್ತೀಯೋ ಇಲ್ವೋ, ಪಕ್ಕದ ಕೋಣೆಯವಳು ನನ್ನ ಸೋಪು ಕದೀತಾಳೆ, ಮೇಟ್ರನ್ ಗೊರಕೆ ಹೊಡೆದ್ರೆ ಮಂಚ ಅದುರುತ್ತೆ, ನಂಗೆ ಕೇಳಿಸಲ್ಲ ಅಂತ ಈ ಕೋಣೇಲೇ ಬಂದು ಮಲಗ್ತಾಳೆ. ಬಾಗಿಲಲ್ಲಿ ನಿಂತಿದ್ದ ಮೇಟ್ರನ್ ಅವರಿಗೆ ಕೊನೆಯ ಭಾಗವನ್ನು ತಂಗಿ ಅನುವಾದಿಸಲಿಲ್ಲ.

"ಇಷ್ಟೆಲ್ಲಾ ಇಟ್ಕೊಂಡು ಪರದೆ ಮುಂದೆ ಯಾಕೆ ಸುಮ್ನಿರ್ತಿದ್ದೆ?" ಎಂದು ಕೈಯಲ್ಲಿ ಕೇಳಿದಳು.

ಅಕ್ಕ ಇಂಥ ಪೆದ್ದಿಯೂ ಉಂಟೇ ಎಂಬಂತೆ ನೋಡಿದಳು. "ನಾನು ಕೈ ಎತ್ತಿದ್ರೆ ನೀನು ಫೋಟೋ ಆಗಿಬಿಡ್ತಿದ್ದೆ" ಎಂದವು ಅವಳ ಕೈಗಳು. ಗೋಡೆಯತ್ತ ಬೆರಳು ಹೋಯಿತು. "ಅಮ್ಮನೂ ಫೋಟೋ, ಅಪ್ಪನೂ ಫೋಟೋ. ನೀನೊಬ್ಳಾದ್ರೂ ಅಲ್ಲಾಡ್ತಿರು ಅಂತ ಸುಮ್ನಿದ್ದೆ."

ತಂಗಿ ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡರೆ ಅಕ್ಕನಿಗೆ ಮಾತಾಡಲಾಗುವುದಿಲ್ಲ ಎಂದು ನೆನಪಾಗಿ ಬಿಟ್ಟಳು.

ಸಂಜೆ ಡಾಕ್ಟರು ಬಂದರು. ಅಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಅಂಗಿಯ ಗುಂಡಿ ತಪ್ಪು ತೂತಿಗೆ ಹಾಕಿರುವುದನ್ನು ತೋರಿಸಿ ಸೊಂಟ ಹಿಡಿದು ನಕ್ಕಳು. ಒಳಗಿನ ವಾರ್ಡಿನ ಮಾತು ಅಲ್ಲಿಗೆ ಮುಗಿಯಿತು.

ಹೊರಡುವಾಗ ಅಕ್ಕ ತಡೆದು ಹೇಳಿದಳು, "ನಿನ್ನ ಗೋಡೆ ನೋಡ್ಕೋ."

"ಯಾವ ಗೋಡೆ?"

"ನಿನ್ನ ಬೆನ್ನ ಹಿಂದಿಂದು. ಒದ್ದೆ ಏರ್ತಿದೆ. ಮೊದ್ಲು ನಿನ್ನ ಹೆಗಲ ಮಟ್ಟ ಇತ್ತು, ಈಗ ತಲೆ ದಾಟಿದೆ. ಹೇಳೋಕೆ ಆಗ್ಲಿಲ್ಲ."

ಮನೆಗೆ ಬಂದವಳು ಬ್ಯಾಗು ಇಳಿಸದೆ ದೀಪ ಹಾಕಿದಳು. ಕುರ್ಚಿಯ ಹಿಂದೆ, ತಾನು ಭಾನುವಾರ ಭಾನುವಾರವೂ ಬೆನ್ನು ಮಾಡಿ ಕೂರುತ್ತಿದ್ದ ಗೋಡೆಯ ಮೇಲೆ, ಒದ್ದೆಯ ಕಲೆ ಚಾವಣಿ ಮುಟ್ಟುತ್ತಿತ್ತು. ಅದನ್ನು ಮುಟ್ಟಿ ನೋಡಿದಳು, ಬೆರಳಿಗೆ ಸುಣ್ಣ ಅಂಟಿತು. ಇಷ್ಟು ದಿನ ಈ ಕೋಣೆಯಲ್ಲಿ ತನ್ನನ್ನು ಕೇಳುವವರಿಲ್ಲ ಎಂದು ಕತ್ತಲಲ್ಲಿ ಕೂತು ಅತ್ತಿದ್ದಳು.

ಮುಂದಿನ ಭಾನುವಾರ ಪರದೆಯಲ್ಲಿ ಅಕ್ಕ ಕಂಡಳು. ಕೈಗಳು ಅಭ್ಯಾಸಬಲದಿಂದ ಮಡಿಲಲ್ಲೇ ಇದ್ದವು. ತಂಗಿ ಎತ್ತು ಎಂದು ಸನ್ನೆ ಮಾಡಿದಳು. ಅಕ್ಕ ಒಂದು ಬೆರಳು ಎತ್ತಿ ಇಳಿಸಿದಳು. ತಂಗಿ ತಾನಿನ್ನೂ ಫೋಟೋ ಆಗಿಲ್ಲವೆಂದು ತೋರಿಸಲು ತಲೆಯ ಮೇಲೆ ಎರಡೂ ಕೈ ಹುಚ್ಚಿಯಂತೆ ಆಡಿಸಿದಳು. ಅಕ್ಕ ಒಂದು ಕೈ ಎತ್ತಿದಳು, ನಿಧಾನಕ್ಕೆ ಇನ್ನೊಂದು.

"ಗೋಡೆ ತೋರ್ಸಿದ್ಯಾ ಯಾರಿಗಾದ್ರೂ?" ಎಂದು ಬೈಯತೊಡಗಿದಳು. ತಂಗಿ ಅದು ಮುಗಿಯುವ ಮೊದಲೇ ಉತ್ತರ ಕೊಡಲು ಶುರುಮಾಡಿದಳು.