ತೆರೆದ ತಟ್ಟೆಯ ಮೇಲೆ ಆಡಿದ ಮಾತು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮಾತು ಅದಕ್ಕೂ ಒಂದು ಹೆಜ್ಜೆ ಮುಂದೆ. ಅಂಥವಳನ್ನು ತಂದು, ಮಾತೇ ಆಡಬಾರದ ಕೋಣೆಯಲ್ಲಿ ಕೂರಿಸಿದವಳು ನನ್ನಕ್ಕ. ಒಂಬತ್ತು ವರ್ಷದಿಂದ ಇಬ್ಬರೂ ಸೇರಿ ಅಣಬೆ ಬೆಳೆಯುತ್ತಿದ್ದೆವು. ಹುಲ್ಲು ತುಂಬಿದ ಚೀಲಗಳಿಗೆ ಆರು ಕತ್ತಲೆ ಕೋಣೆ, ತಾಯಿಬೀಜಕ್ಕೆ ಒಂದು ಪುಟ್ಟ ಕೋಣೆ. ತಾಯಿಬೀಜವೆಂದರೆ ಗಾಜಿನ ತಟ್ಟೆಯಲ್ಲಿ ಜೀವಂತ ಇಟ್ಟುಕೊಂಡ ಅಣಬೆಯ ಬಿಳಿ ನೂಲು. ಆ ತಟ್ಟೆಯ ಮುಚ್ಚಳ ತೆರೆದರೆ ನಮ್ಮ ಬಾಯಿಗೆ ಬೀಗ. ಮನುಷ್ಯರ ಉಸಿರು ತಾಗಿದರೆ ತಟ್ಟೆ ಕೆಟ್ಟಿತೆಂದೇ ಲೆಕ್ಕ.

ಹೊರಗೆ ಬಂದ ಮೇಲೆ ಅಕ್ಕ ಕಥೆ ಶುರುಮಾಡುತ್ತಿದ್ದಳು. "ಅಣಬೆ ಗಿಡ ಅಲ್ಲ ಕಣೆ, ಪ್ರಾಣೀನೂ ಅಲ್ಲ. ಅದರದ್ದೇ ಬೇರೆ ಮನೆತನ. ಆದ್ರೂ ಗಿಡಕ್ಕಿಂತ ನಮಗೇ ಹತ್ತಿರದ ನೆಂಟರು."

"ನಿನ್ನ ಗಂಡನ ಕಡೆಯವರೇ ಇರಬೇಕು. ಕರೀದೇ ಬಂದು ತಳ ಊರ್ತಾರೆ," ಎಂದು ನಾನು ಛೇಡಿಸುತ್ತಿದ್ದೆ.

ನಾವು ಕೊಯ್ಯುವ ಕೊಡೆ ಬರೀ ಹಣ್ಣಿನಂಥದ್ದು. ನಿಜವಾದ ಮೈ ಹುಲ್ಲಿನೊಳಗೆ ನೂಲುನೂಲಾಗಿ ಹಬ್ಬಿರುತ್ತದೆ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಊಟದ ಮೇಲೇ ಮಲಗಿ, ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಮಧ್ಯಾಹ್ನ ಆ ಕೋಣೆಗಳಲ್ಲಿ ನಿಂತರೆ ನೂರಾರು ಚೀಲಗಳು ಒಳಗೊಳಗೇ ಬೆಳ್ಳಗಾಗುವುದು ಕೇಳಿಸಿದಂತಾಗುತ್ತಿತ್ತು. ಕೊಯ್ಲಿನ ಹೊತ್ತಿಗೆ ಕೊಡೆಗಳ ಅಡಿಯಿಂದ ಬೀಜಕಗಳು ತೆಳ್ಳನೆ ಹೊಗೆಯಾಗಿ ಇಳಿದು ಬಲ್ಬಿನ ಸುತ್ತ ತೇಲುತ್ತಿದ್ದವು. ನಾನು ಕೈಯಲ್ಲಿ ಬುಟ್ಟಿ ಹಿಡಿದು ಮೈಮರೆತು ನೋಡುತ್ತಿದ್ದೆ. ಆ ಹೊಗೆಯೇ ಅಕ್ಕನ ಎದೆ ಹೊಕ್ಕಿತು.

ಮೊದಲು ಕೆಮ್ಮು, ಆಮೇಲೆ ಸಂಜೆ ಸಂಜೆ ಜ್ವರ, ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಣಬೆಯ ಕೋಣೆಗಳ ಕಡೆ ಇನ್ನು ತಲೆ ಹಾಕಬೇಡಿ ಎಂದರಂತೆ ಡಾಕ್ಟರು. ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದು ಅಕ್ಕ ಹೇಳಿದಾಗ ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ: "ಕೆಮ್ಮು ನಿನಗೊಂದು ನೆಪ. ಎಲ್ಲಾ ನನ್ನ ತಲೆಗೆ ಕಟ್ಟಿ ಜಾರ್ಕೊಳ್ತಿದೀಯ ಅಷ್ಟೆ."

ಅಂದಿನಿಂದ ಅಕ್ಕ ಹತ್ತೊಂಬತ್ತು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ತಪ್ಪೊಪ್ಪಿಕೊಳ್ಳೋಣ ಎಂದು ನಾನು ಹೋಗುವುದು, ಅವಳು ಮುಖ ತಿರುಗಿಸುವುದು, ನನಗೆ ಮತ್ತೆ ಸಿಟ್ಟು ನೆತ್ತಿಗೇರುವುದು, ಹೀಗೇ ಆಯಿತು. ಅವಳು ಮಾತಾಡದೆ ಹೊರಟುಹೋದರೆ ನಾನು ಬದುಕಿರುವ ತನಕ ಅದು ನನ್ನನ್ನು ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು.

ಕೊನೆಯ ದಿನ ಒಂದೇ ಕೆಲಸ ಉಳಿದಿತ್ತು: ತಾಯಿಬೀಜವನ್ನು ಹಳೆಯ ತಟ್ಟೆಯಿಂದ ಹೊಸ ತಟ್ಟೆಗಳಿಗೆ ದಾಟಿಸುವುದು. ಅಕ್ಕನ ಕೈಗಷ್ಟೇ ಗೊತ್ತಿದ್ದ ಕೆಲಸ, ಇನ್ನು ನನ್ನ ಕೈಗೆ ಬರಬೇಕು. ಪುಟ್ಟ ಕೋಣೆಯಲ್ಲಿ ಬೀಜಕದ ಹೊಗೆಯಿಲ್ಲವಲ್ಲ, ಅದಕ್ಕೇ ಒಳಗೆ ಬಂದಳು. ಇಬ್ಬರೂ ಮಾಸ್ಕ್ ಕಟ್ಟಿಕೊಂಡು ಪಕ್ಕಪಕ್ಕ ಕೂತೆವು. ಸ್ಪಿರಿಟ್ ದೀಪದಲ್ಲಿ ಚಾಕುವಿನ ಮೊನೆ ಕೆಂಪಾಯಿತು, ಆರಿತು. ಅಕ್ಕ ನನ್ನ ಮುಂಗೈ ಹಿಡಿದು, ಬಿಳಿ ನೂಲಿನ ಅಂಚಿನಲ್ಲಿ ಕಾಳಿನಷ್ಟು ಕತ್ತರಿಸುವಂತೆ ನಡೆಸಿದಳು. ಒಂದು ತಟ್ಟೆಯಾಯಿತು, ಎರಡಾಯಿತು, ಮೂರಾಯಿತು. ಚಿಕ್ಕಂದಿನಲ್ಲಿ ನನಗೆ ಅಕ್ಷರ ತಿದ್ದಿಸಿದ ಕೈ ಅದು.

ನಾಲ್ಕನೆಯ ತಟ್ಟೆ ತೆರೆದಿತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಮಾಸ್ಕ್ ಕೆಳಗೆಳೆದು, ಅದರ ಮೇಲೇ ಬಾಗಿ, "ಅಕ್ಕಾ, ತಪ್ಪಾಯ್ತು ಕಣೇ, ಹಾಗನ್ನಬಾರದಿತ್ತು," ಎಂದು ಗೊಳೋ ಎಂದು ಅತ್ತುಬಿಟ್ಟೆ.

ಕಣ್ಣು ಬಿಟ್ಟಾಗ ಅಕ್ಕ ತಟ್ಟೆಗೆ ಮುಚ್ಚಳ ಹಾಕುತ್ತಿದ್ದಳು. ಅದರ ಮೇಲೆ ತಾರೀಖು ಬರೆದು, ಕೆಟ್ಟ ತಟ್ಟೆಗೆ ಹಾಕುವ ಅಡ್ಡಗೀಟು ಎಳೆದು, ಎದ್ದು ಹೋದಳು. ಸಂಜೆ ಗಾಡಿ ಹೊರಟಾಗಲೂ ಕಿಟಕಿಯ ಗಾಜು ಇಳಿಯಲಿಲ್ಲ. ಕೆಟ್ಟ ತಟ್ಟೆಯನ್ನು ಒಂದು ಗಂಟೆಯೂ ಇಟ್ಟುಕೊಳ್ಳಬಾರದೆಂದು ಅಕ್ಕನ ಕಟ್ಟಪ್ಪಣೆ, ಆದರೂ ಅದನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ.

ಆರನೆಯ ದಿನ ಫೋನ್ ಬಂತು. ಹೇಗಿದ್ದೀಯ ಇಲ್ಲ, ಊಟ ಆಯ್ತಾ ಇಲ್ಲ. "ಆ ತಟ್ಟೇನ ನೀನು ಎಸೆದಿರಲ್ಲ, ನಂಗೊತ್ತು. ಏನೇನು ಬಂದಿದೆ ಹೇಳು."

ತಟ್ಟೆಯನ್ನು ಬೆಳಕಿಗೆ ಹಿಡಿದೆ. "ನಮ್ಮ ಬಿಳೀದು ಒಂದು ಮೂಲೇಲಿದೆ. ಪಕ್ಕದಲ್ಲಿ ಹಸಿರು ಪುಡಿ."

"ಕೊಳೆತ ನಿಂಬೆ ಮೇಲೆ ಬರೋ ಬೂಸ್ಟು ಅದು. ಆಮೇಲೆ?"

"ಗುಲಾಬಿ ಚುಕ್ಕೆಗಳು. ನುಣ್ಣಗೆ, ಬೆಣ್ಣೆ ಮೆತ್ತಿದ ಹಾಗೆ."

"ಯೀಸ್ಟು. ಅದಕ್ಕೆ ನೂಲಿಲ್ಲ, ಮೊಗ್ಗೊಡೆದು ಮೊಗ್ಗೊಡೆದೇ ಹೆಚ್ಚುತ್ತೆ. ಆಮೇಲೆ?"

"ಈಗ ತಾನೇ ಬೂದಿ ಬಣ್ಣದ ಕೂದಲು ಏಳ್ತಿದೆ. ತುದೀಲೆಲ್ಲ ಕರೀ ಗುಂಡುಸೂಜಿ ತಲೆ."

"ಮುಚ್ಚಳ ತೆಗೆದೀಯ, ಮನೆಯೆಲ್ಲ ಹಾರುತ್ತೆ!" ಕೆಮ್ಮಿದಳು. "ಅಬ್ಬಾ, ಎಷ್ಟು ಥರ! ಎಲ್ಲಾ ನಿನ್ನ ಬಾಯಿಂದ್ಲೇ ಬಂತು ಅನ್ಕೊಂಡ್ಯಾ?"

ನಾನು ತಟ್ಟೆಯನ್ನು ಕೆಳಗಿಟ್ಟೆ.

"ನೀನು ಕಣ್ಣು ಮುಚ್ಕೊಂಡು ಅಳ್ತಿದ್ದೆ. ನಾನೂ ಮಾಸ್ಕ್ ಇಳಿಸಿದ್ದೆ ಕಣೆ. ಹೋಗ್ಲಿ ಬಿಡು, ಅಳ್ಬೇಡ ಅಂತ ಹೇಳೋಕೆ ಬಾಯಿ ತೆರೆದೆ. ಬರೀ ಉಸಿರು ಬಂತು."

"ಎಸೀಲಾ ಅಕ್ಕಾ?" ಎಂದೆ.

"ಬೇಡ, ಇಟ್ಟಿರು. ಬರೋ ವಾರ ಬರ್ತೀನಿ. ಗೇಟಿನಾಚೆ ನಿಂತಿರ್ತೀನಿ, ತಂದು ತೋರ್ಸು."