ದಪ್ಪಕ್ಕನ ಬೆನ್ನುಮೂಳೆ

ಲಾಂಡ್ರಿ ನಡೆಸುತ್ತಿದ್ದ ಅಕ್ಕತಂಗಿಯರಲ್ಲಿ ದೊಡ್ಡವಳನ್ನು ಇಡೀ ಬೀದಿ ದಪ್ಪಕ್ಕ ಎನ್ನುತ್ತಿತ್ತು, ಚಿಕ್ಕವಳನ್ನು ಕಡ್ಡಿ. ದಪ್ಪಕ್ಕನಿಗೆ ಅರವತ್ತೆಂಟು. ಕೈಕಾಲು ಸಣ್ಣವೇ, ಮೈಯೆಲ್ಲ ಬಂದು ಹೊಟ್ಟೆಯಲ್ಲಿ ಠಿಕಾಣಿ ಹೂಡಿತ್ತು. ಇಸ್ತ್ರಿ ಮೇಜಿಗೆ ಮೊದಲು ಹೊಟ್ಟೆ ತಾಗಬೇಕು, ಆಮೇಲೆ ಕೈ. "ನಾನು ಬಿದ್ರೆ ನೆಲಕ್ಕೇ ಪೆಟ್ಟು" ಎಂದು ತಾನೇ ನಗುತ್ತಿದ್ದಳು.

ಅವಳಿಗಿದ್ದ ಚಿಂತೆಯೆಲ್ಲ ತಂಗಿಯದು. ಒಣಕಲು ಮೈಯ ಅವರಮ್ಮ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು, ಆರು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಿದ್ದಳು. ತಂಗಿಯದೂ ಅಮ್ಮನದೇ ಮೈಕಟ್ಟು. ಹೋಟೆಲಿನಿಂದ ಬರುವ ಚಾದರದ ಗಂಟುಗಳನ್ನು ದಪ್ಪಕ್ಕ ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. "ಬಿಡೇ, ಮುರಿದುಹೋಗ್ತೀಯ" ಎಂದು ಕಿತ್ತುಕೊಳ್ಳುತ್ತಿದ್ದಳು. ತಂಗಿಗೆ ಉಳಿದದ್ದು ಮಡಿಸಿದ ಅಂಗಿಗಳನ್ನು ಮನೆಮನೆಗೆ ತಲುಪಿಸುವ ಕೆಲಸ. ದಿನಾ ನಡೆದೇ ಹೋಗುತ್ತಿದ್ದಳು, ಮಹಡಿ ಹತ್ತಿ ಇಳಿಯುತ್ತಿದ್ದಳು.

ಒಂದು ಮಧ್ಯಾಹ್ನ ದಪ್ಪಕ್ಕ ಒದ್ದೆ ಚಾದರ ತುಂಬಿದ ಬಕೆಟ್ ಎತ್ತಿದಳು. ಬೀಳಲಿಲ್ಲ, ಜಾರಲಿಲ್ಲ. ಬೆನ್ನೊಳಗೆ ಏನೋ ಕಟಕ್ಕೆಂದಿತು. ಉಸಿರು ಕಟ್ಟಿತು.

"ಹಿಡ್ಕೊಂಡಿದೆ ಅಷ್ಟೆ" ಎಂದು ಹತ್ತು ದಿನ ಮುಲಾಮು ತಿಕ್ಕಿಸಿಕೊಂಡಳು. ಹನ್ನೊಂದನೆಯ ದಿನ ಕೂತಲ್ಲಿಂದ ಏಳಲಾಗದೆ ಕಣ್ಣೀರು ಹಾಕಿದಾಗ ತಂಗಿ ಅವಳ ಮಾತು ಕೇಳದೆ ಆಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಬೆನ್ನುಮೂಳೆಯ ಸಾಲಿನಲ್ಲಿ ಒಂದು ಮೂಳೆ ಕುಸಿದು ಚಪ್ಪಟೆಯಾಗಿತ್ತು.

"ಇಷ್ಟು ಮೈ ಹೊತ್ತಿರೋ ಮೂಳೆ ಹೇಗಮ್ಮ ಮುರಿಯುತ್ತೆ?" ದಪ್ಪಕ್ಕನಿಗೆ ನಂಬಿಕೆ ಬರಲಿಲ್ಲ. "ಭಾರ ಹೊತ್ತಷ್ಟೂ ಗಟ್ಟಿ ಅಂತಾರಲ್ಲ?"

"ಅದೂ ಸ್ವಲ್ಪ ನಿಜಾನೇ. ಆದ್ರೆ ಹೊಟ್ಟೆ ಒಳಗೆ, ಕರುಳಿನ ಸುತ್ತ ತುಂಬೋ ಕೊಬ್ಬಿನ ಕಥೆ ಬೇರೆ. ಅದು ಸುಮ್ನೆ ಕೂತಿರಲ್ಲ, ಮೈಯೊಳಗೆ ಸಣ್ಣಗೆ ಉರಿ ಎಬ್ಬಿಸ್ತಾನೇ ಇರುತ್ತೆ. ವಯಸ್ಸಾದ ಮೇಲೆ ಮೂಳೆ ಸವೆಯೋಕೆ ಅದೂ ಕಾರಣ ಆಗಬಹುದು."

"ನನ್ನದು ಹಾಳಾಗಲಿ, ಇವಳದು ನೋಡಿ ಮೊದಲು."

ಇಬ್ಬರ ಮೂಳೆಯನ್ನೂ ಪರೀಕ್ಷೆ ಮಾಡಿದರು. ತಂಗಿಯದು ವಯಸ್ಸಿಗೆ ಚೆನ್ನಾಗಿಯೇ ಇತ್ತು. ಅಷ್ಟು ವರ್ಷ ಮೆಟ್ಟಿಲು ಹತ್ತಿದ್ದು ದಂಡವಾಗಿಲ್ಲ ಎಂದಳು ಡಾಕ್ಟರಮ್ಮ. ದಪ್ಪಕ್ಕನದು ಜಾಳುಜಾಳು.

ಸಂತೋಷವಾಗಬೇಕಿತ್ತು. ಬದಲಿಗೆ ದಪ್ಪಕ್ಕನ ಎದೆಯಲ್ಲಿ ಏನೋ ಕಹಿ ಎದ್ದಿತು. ಒಡಹುಟ್ಟಿದವಳ ಮೂಳೆಯ ಮೇಲೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು.

ಮನೆಯಲ್ಲಿ ತಂಗಿ ಆಸ್ಪತ್ರೆಯಲ್ಲಿ ಕೊಟ್ಟ ಸೊಂಟದ ಪಟ್ಟಿಯನ್ನು ಅಕ್ಕನಿಗೆ ಕಟ್ಟತೊಡಗಿದಳು. ಹೊಟ್ಟೆ ಅಡ್ಡಬಂದು ಪಟ್ಟಿ ಎಟುಕಲೊಲ್ಲದು. ಗೋಡೆಯ ಕಡೆ ಮುಖಮಾಡಿ ನಿಂತಿದ್ದ ದಪ್ಪಕ್ಕ ಒಮ್ಮೆಲೇ ಕೇಳಿದಳು.

"ಹತ್ತು ವರ್ಷದ ಹಿಂದೆ ಹೋಟೆಲಿನೋರು ನಿನ್ನ ಕರೆದಿದ್ರಲ್ಲ, ಸಮುದ್ರದ ಊರಿನ ಅವರ ಇನ್ನೊಂದು ಹೋಟೆಲಿಗೆ. ಬಟ್ಟೆ ಕೋಣೆ ನೋಡ್ಕೊಳ್ಳೋ ಕೆಲಸ. ನೆನಪಿದೆಯಾ?"

"ಇಲ್ಲದೆ ಏನು."

"ಎಲ್ಲೋ ಜಾರಿ ಬಿದ್ರೆ ಎತ್ತೋರು ಯಾರು ಅಂತ ನಾನೇ ತಡೆದೆ."

ತಂಗಿಯ ಕೈ ನಿಲ್ಲಲಿಲ್ಲ. "ಮೂಳೆ ಮಾತು ನಂಬಿ ನಿಂತೆ ಅಂದ್ಕೊಂಡಿದ್ಯಾ? ಭಾವ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಒಬ್ಬಳೇ ಇರೋಕೆ ನಿನಗೆ ಭಯ. ಅದಕ್ಕೆ ಹೋಗಲಿಲ್ಲ."

ದಪ್ಪಕ್ಕ ಕತ್ತು ತಿರುಗಿಸಿದಳು. "ಹೋಗಬೇಕು ಅನ್ನಿಸಿತ್ತೇನೇ?"

"ಅನ್ನಿಸಿತ್ತು" ಎಂದಳು ತಂಗಿ. ಪಟ್ಟಿ ಬಿಗಿಮಾಡಿ, "ನೋಯ್ತಾ?" ಎಂದು ಕೇಳಿದಳು.

ಮಾತ್ರೆ ನುಂಗಿದ್ದಾಯಿತು, ಚುಚ್ಚುಮದ್ದು ಆಯಿತು, ಗೋಡೆ ಹಿಡಿದು ನಡೆದದ್ದೂ ಆಯಿತು. ಆದರೂ ಚಳಿಗಾಲದಲ್ಲಿ ಬರೀ ಕೆಮ್ಮಿಗೆ ಬೆನ್ನಿನ ಇನ್ನೊಂದು ಮೂಳೆ ಕುಸಿಯಿತು. ದಪ್ಪಕ್ಕ ಬಾಗಿದಳು, ಕುಳ್ಳಗಾದಳು; ಎದೆಗೂ ಹೊಟ್ಟೆಗೂ ನಡುವೆ ಜಾಗವೇ ಉಳಿಯಲಿಲ್ಲ, ಎರಡು ತುತ್ತಿಗೆ ಮೇಲುಸಿರು ಬರುತ್ತಿತ್ತು. ತಂಗಿ ಹೋಟೆಲಿನ ಕೆಲಸ ಬಿಟ್ಟು, ಬೀದಿಯವರ ಅಂಗಿಗಳನ್ನಷ್ಟೇ ಉಳಿಸಿಕೊಂಡಳು.

"ಈಗಲಾದ್ರೂ ಹೋಗು. ನಾನು ಹೇಗೋ ಇರ್ತೀನಿ" ಎಂದಳು ದಪ್ಪಕ್ಕ ಒಂದು ಸಂಜೆ.

"ಅರವತ್ತೈದಕ್ಕೆ ನನ್ನ ಯಾರು ಕರೀತಾರಕ್ಕ?" ತಂಗಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅಕ್ಕನ ಬೆನ್ನಿಗೊಂದು ದಿಂಬು ಕೊಟ್ಟು, ತಂತಿಯ ಮೇಲಿನ ಅಂಗಿಗಳನ್ನು ತರಲು ಹಿತ್ತಲಿಗೆ ಹೋದಳು.