ಉಪ್ಪುನೀರಲ್ಲಿ ತೊಳೆದ ಕಲ್ಲು

ಮಗಳ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ, ಫೋನ್ ಬಂತು. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ತೈಲದ ಬಾವಿ ಕೊರೆಯಲು ಎಣ್ಣೆ ಬೆರೆಸಿದ ಕೆಸರನ್ನು ಬಿಟ್ಟು ಬೇರೇನನ್ನೂ ನಂಬದ ಅವರಿಗೆ ನಾವಿಟ್ಟ ಹೆಸರು ಎಣ್ಣೆ ಸಾಹೇಬರು.

"ನಿಮ್ಮ ಕಲ್ಲು ಕರಗಿಹೋಯ್ತಮ್ಮ. ಜರಡೀಲಿ ಹಿಡಿಯಷ್ಟೂ ಉಳಿದಿಲ್ಲ. ಬಾವಿಗೆ ಎಣ್ಣೆ ಕೆಸರೇ ಕಳಿಸ್ತೀನಿ."

"ನಾನು ಬರೋವರೆಗೆ ತಡೀರಿ ಸರ್."

ಶಾಲೆಗೆ ರಜೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಒಂಟಿ ಜಡೆಯ ಮಗಳನ್ನೇ ಎಳೆದುಕೊಂಡು ಬಸ್ಸು ಹತ್ತಿದೆ.

"ಕಲ್ಲು ಯಾಕಮ್ಮ ಕರಗತ್ತೆ? ಅದೇನು ಸಕ್ಕರೇನಾ?"

"ಇದು ಶೇಲ್ ಅಂತ, ಪುಟ್ಟಿ. ಜೇಡಿಮಣ್ಣೇ ಒತ್ತಿ ಒತ್ತಿ ಕಲ್ಲಾಗಿದ್ದು. ನೀರು ಕುಡಿದ್ರೆ ಊದಿ ಪುಡಿಯಾಗತ್ತೆ. ತೈಲದ ಬಾವಿ ಕೊರೆಯುವಾಗ ಒಳಗೆ ಕೆಸರು ಬಿಡ್ತಾರಲ್ಲ, ಅದರ ನೀರು ಕುಡಿದು ಬಾವಿ ಗೋಡೆ ಕುಸಿದ್ರೆ ಕೊರೆಯೋ ಕೊಳವೆ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ. ಅದಕ್ಕೇ ನೀರಿನ ಕೆಸರಿಗೆ ನಾನು ಪೊಟ್ಯಾಷ್ ಉಪ್ಪು, ಒಂದು ಅಂಟುಪುಡಿ ಸೇರಿಸಿದ್ದು."

"ಸೇರಿಸಿದ್ರೂ ಕರಗ್ತಲ್ಲ?"

ಆ ಬೆರಕೆಗಾಗಿ ವರ್ಷಗಟ್ಟಲೆ ಬೆವರು ಸುರಿಸಿದ್ದೆ. ಈ ಪರೀಕ್ಷೆಯಲ್ಲಿ ಬಿದ್ದರೆ ಇನ್ನೊಂದು ಅವಕಾಶ ಯಾರೂ ಕೊಡುವವರಲ್ಲ.

ಪ್ರಯೋಗಾಲಯದೊಳಗೆ ಕಾಲಿಟ್ಟವಳೇ ಮಗಳು ನನ್ನ ಕೋಟು ಹಿಡಿದು ಹಿಂದೆ ಅಡಗಿದಳು. ಏನೋ ಕೇಳಲು ಬಾಯಿ ತೆರೆದು, ಸಾಹೇಬರ ಮೀಸೆ ನೋಡಿ ನುಂಗಿಕೊಂಡಳು. ತೊಟ್ಟಿಯ ಪಕ್ಕದ ಜರಡಿಯಲ್ಲಿ ಬರೀ ಲೋಳೆ.

"ಯಾವ ನೀರಲ್ಲಿ ತೊಳೆದ್ರಿ ಸರ್?"

"ನೀರಲ್ಲಿ ಯಾವ ನೀರಮ್ಮ? ಕೊಳಾಯಿ ನೀರು! ನಾನೇ ನಿಂತು ತಿಕ್ಕಿ ತೊಳೆದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಣ್ಣೆ ಕೆಸರಿನ ಕಲ್ಲನ್ನು ಎಣ್ಣೆಯಲ್ಲೇ ತೊಳೆಯುವುದು ಅವರಿಗೆ ರೂಢಿ. ನೀರಿನ ಕೆಸರಿನದಕ್ಕೆ ನೀರು ಸಾಕು ಅಂದುಕೊಂಡಿದ್ದಾರೆ. ನನ್ನ ಕೆಸರಿನೊಂದಿಗೆ ಡಬ್ಬಿಯಲ್ಲಿ ರಾತ್ರಿಯಿಡೀ ಬಿಸಿ ಒಲೆಯೊಳಗೆ ಉರುಳಿಯೂ ಬದುಕಿ ಬಂದ ಕಲ್ಲು ಕೊಳಾಯಿ ಕೆಳಗೆ ಪ್ರಾಣ ಬಿಟ್ಟಿತ್ತು.

"ಉಪ್ಪುನೀರಲ್ಲಿ ತೊಳೀಬೇಕಿತ್ತು ಸರ್. ಬಾವಿ ಒಳಗೆ ಸಪ್ಪೆ ನೀರು ಎಲ್ಲಿಂದ ಬರಬೇಕು?"

"ಸೋತವರಿಗೆ ನೂರು ನೆಪ," ಅಂದರು. ಆದರೂ ಒಲೆಯಲ್ಲಿದ್ದ, ಅದೇ ಬೆರಕೆಯ ಇನ್ನೊಂದು ಉಕ್ಕಿನ ಡಬ್ಬಿ ತೆರೆಯಲು ಬಿಟ್ಟರು.

ಜರಡಿಗೆ ಸುರಿದೆ. ಎಳೆಮಗುವಿನ ತಲೆಗೆ ನೀರು ಹಾಕುವಂತೆ ಉಪ್ಪುನೀರು ಹನಿಸಿದೆ. ಕೆಸರು ಇಳಿಯುತ್ತಾ ಹೋದಂತೆ ಕಲ್ಲುಗಳು ಒಂದೊಂದಾಗಿ ಮುಖ ತೋರಿಸಿದವು. ಒಂದರ ಅಂಚೂ ಮೊಂಡಾಗಿರಲಿಲ್ಲ! ಒಣಗಿಸಿ ತೂಗಿದರೆ ನೂರಕ್ಕೆ ತೊಂಬತ್ತಾರು ಪಾಲು ಉಳಿದಿತ್ತು.

ಸಾಹೇಬರು ನನ್ನನ್ನು ಸರಿಸಿ ತಾವೇ ತೂಗಿದರು. ಅಷ್ಟೇ ಬಂತು. ಒಂದು ಚೂರನ್ನು ಉಗುರಲ್ಲಿ ಕೆರೆದರು, ಕನ್ನಡಕ ತೆಗೆದು ಒರೆಸಿದರು. "ಹೂಂ," ಅಂದರು. ಬಾವಿಯವರಿಗೆ ಫೋನು ಹಚ್ಚಿ, ಕಿವಿಗಿಟ್ಟುಕೊಂಡು, ಜರಡಿಯ ಕಡೆಗೇ ನೋಡುತ್ತಾ ನಿಂತರು.

ನನ್ನ ಕೋಟು ಸಡಿಲವಾಯಿತು. ಒಂಟಿ ಜಡೆ ಅಲ್ಲಾಡಿಸುತ್ತಾ ಮಗಳು ನೇರ ಅವರ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು:

"ಹಾಗಾದ್ರೆ ಬಾವಿಗೆ ಹೋಗೋದು ನಮ್ಮಮ್ಮನ ಕೆಸರೇ ಅಲ್ವಾ, ಅಂಕಲ್?"